ಬಿಡಾರ ಹೂಡುವ ನೆಲ

ಬೆಂಗಳೂರಿನಿಂದ ಪಡುವಣಕ್ಕೆ ಹೊರಟ ಗಾಡಿ ನೆಲಮಂಗಲದ ಹೊತ್ತಿಗೆ ಎರಡರಲ್ಲಿ ಒಂದು ದಾರಿ ಹಿಡಿಯಬೇಕು. ಒಂದು ರಾಷ್ಟ್ರೀಯ ಹೆದ್ದಾರಿ 48. ಅದು ದಾಬಸ್‌ಪೇಟೆ, ಕ್ಯಾತ್ಸಂದ್ರ, ತುಮಕೂರು ದಾಟಿ ಶಿರಾ, ಚಿತ್ರದುರ್ಗದ ಮೇಲೆ ಪುಣೆ, ಮುಂಬೈಗೆ ಹೋಗುತ್ತದೆ. ಇನ್ನೊಂದು ಹೆದ್ದಾರಿ 75. ಅದು ಕುಣಿಗಲ್, ಯಡಿಯೂರು, ಹಾಸನದ ಮೂಲಕ ಘಟ್ಟ ಇಳಿದು ಮಂಗಳೂರು ಸೇರುತ್ತದೆ. ತುಮಕೂರಿನಲ್ಲಿ ಮತ್ತೊಂದು ಕವಲು ಒಡೆದು ಗುಬ್ಬಿ, ತಿಪಟೂರು, ಅರಸೀಕೆರೆಯ ಕಡೆಗೆ ಸಾಗುತ್ತದೆ. ತುಮಕೂರೂ ಕುಣಿಗಲ್ಲೂ ರಾಜಧಾನಿಯಿಂದ ಸುಮಾರು 70 ಕಿ.ಮೀ.; ತುಮಕೂರಿನಿಂದ ಗುಬ್ಬಿಗೆ ಇನ್ನೊಂದು 20. ಎತ್ತಿನ ಗಾಡಿಯ ಕಾಲದಲ್ಲಿ ಎರಡು ಮೂರು ರಾತ್ರಿ ತಂಗಿ ಮುಟ್ಟಬೇಕಾಗಿದ್ದ ಊರುಗಳು ಈಗ ಎರಡು ಗಂಟೆಯೊಳಗೆ ಸಿಗುತ್ತವೆ. ಇಷ್ಟಾದರೂ ಈ ಮೂರು ಊರುಗಳ ಸುತ್ತ ಬಯಲಲ್ಲಿ ರಾತ್ರಿ ಕಳೆಯುವವರು ಕಡಿಮೆಯಾಗಿಲ್ಲ.

ವಾರಾಂತ್ಯಕ್ಕೆ ಕಾರಿನಲ್ಲಿ ಗುಡಾರ ಹೇರಿಕೊಂಡು ಹೊರಡುವ ಬೆಂಗಳೂರಿನ ಕುಟುಂಬಗಳು, ವ್ಯಾನಿನೊಳಗೇ ಹಾಸಿಗೆ, ಒಲೆ ಅಳವಡಿಸಿಕೊಂಡು ಊರೂರು ಸುತ್ತುವ ಹುಡುಗ ಹುಡುಗಿಯರು ಈಚೆಗೆ ಕೇಳುವ ಪ್ರಶ್ನೆ ಒಂದೇ: ರಾತ್ರಿ ಗಾಡಿ ನಿಲ್ಲಿಸುವುದು ಎಲ್ಲಿ? ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ‘ಕ್ಯಾರವಾನ್ ಪಾರ್ಕ್’, ‘ಕ್ಯಾಂಪ್ ಸೈಟ್’ಗಳ ಮಾತು ನಡೆಯುತ್ತಿದೆ. ಆದರೆ ಇದೇ ರಸ್ತೆಗಳ ಬದಿಯಲ್ಲಿ ಎಷ್ಟೋ ಕಾಲದಿಂದ ಬಿಡಾರ ಹೂಡುತ್ತ ಬಂದವರು ಬೇರೆಯೇ ಇದ್ದಾರೆ. ಜಾತ್ರೆಗೆ ಎತ್ತು ಹೊಡೆದುಕೊಂಡು ಬರುವ ರೈತರು, ಕುರಿ ಮಂದೆಯವರು, ಲಾರಿ ಚಾಲಕರು, ಬೋರ್‌ವೆಲ್ ಲಾರಿಯ ಕೂಲಿಗಳು, ಧರ್ಮಸ್ಥಳಕ್ಕೆ ನಡೆದು ಹೋಗುವ ಭಕ್ತರು. ಇವರೆಲ್ಲರಿಗೂ ಬೇಕಾದದ್ದು ಹೆಚ್ಚು ಕಡಿಮೆ ಒಂದೇ: ಸಮತಟ್ಟು ನೆಲ, ನೆರಳು, ನೀರು, ಶೌಚಾಲಯ, ರಾತ್ರಿ ಹೆದರಿಕೆಯಿಲ್ಲದೆ ಮಲಗುವ ಅವಕಾಶ. ಇವರನ್ನು ಬಿಟ್ಟು ವಾರಾಂತ್ಯದ ಪ್ರವಾಸಿಗಷ್ಟೇ ಜಾಗ ಹುಡುಕಹೊರಟರೆ ಪ್ರಶ್ನೆಯ ಕಾಲುಭಾಗವೂ ಕಾಣುವುದಿಲ್ಲ.

ಹೊರಗಿನ ಮಾದರಿಯನ್ನು ಮೊದಲು ನೋಡಬಹುದು. ಅಮೆರಿಕದ ಷಿಕಾಗೋ ನಗರದಿಂದ ಪೂರ್ವಕ್ಕೆ ಎರಡು ಗಂಟೆಯ ದಾರಿಯಲ್ಲಿ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಎಂಬ ಊರಿದೆ. ಆ ದೇಶದ ಮನೆ-ಗಾಡಿಗಳಲ್ಲಿ ಬಹುಪಾಲು ತಯಾರಾಗುವುದು ಅದರ ಸುತ್ತಮುತ್ತಲೇ. ಅಂಥ ಗಾಡಿ ನಿಲ್ಲುವ ತಾಣದಲ್ಲಿ ಪ್ರತಿ ಗಾಡಿಗೂ ಗುರುತು ಹಾಕಿದ ಜಾಗ, ಪಕ್ಕದಲ್ಲೊಂದು ವಿದ್ಯುತ್ ಕಂಬ, ಕುಡಿಯುವ ನೀರಿನ ನಲ್ಲಿ, ಗಾಡಿಯ ಕೊಳಚೆ ಇಳಿಸುವ ಕೊಳವೆ ಇರುತ್ತವೆ. ಮರ, ಕೆರೆ, ಮಕ್ಕಳ ಆಟ ಇವೆಲ್ಲ ಆಮೇಲಿನವು. ಇಂಥ ತಾಣಗಳ ದೊಡ್ಡ ಸರಪಳಿಯಾದ ಕೆಒಎ 1962ರಲ್ಲಿ ಮೊಂಟಾನಾದ ಬಿಲ್ಲಿಂಗ್ಸ್ ಊರಿನಲ್ಲಿ ಹುಟ್ಟಿತು. ಸಿಯಾಟಲ್‌ನ ವಿಶ್ವಮೇಳಕ್ಕೆ ಹೊರಟ ಕಾರುಗಳು ತಮ್ಮೂರಿನ ಮೂಲಕ ಹಾಯುವುದನ್ನು ಗಮನಿಸಿದವರು ನದಿ ದಂಡೆಯ ಜಾಗವನ್ನು ರಾತ್ರಿ ತಂಗಲು ಸಜ್ಜುಗೊಳಿಸಿದ್ದೇ ಅದರ ಆರಂಭ. ಪ್ರವಾಸಿಗಳನ್ನು ಅವರು ಎಲ್ಲಿಂದಲೂ ಕರೆಯಲಿಲ್ಲ. ಹೇಗೂ ಹಾದುಹೋಗುವವರಿಗೆ ನೆಲ, ನೀರು ಕೊಟ್ಟರು.

ನಮ್ಮಲ್ಲಿ ಈ ಯೋಚನೆ ಬಂದದ್ದು ತಡವಾಗಿ, ಅದೂ ಐಷಾರಾಮದ ಕಡೆಯಿಂದ. ಕೇರಳ 2021ರಲ್ಲಿ ‘ಕೆರವಾನ್ ಕೇರಳ’ ಯೋಜನೆಯನ್ನು ಸಾರಿ, ಮರುವರ್ಷ ವಾಗಮಣ್‌ನಲ್ಲಿ ಮೊದಲ ಪಾರ್ಕ್ ತೆರೆಯಿತು. ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಖಾಸಗಿ ಕಂಪನಿಯೊಂದಿಗೆ ಸೇರಿ ಹಾಸಿಗೆ, ಅಡುಗೆಮನೆ, ಸ್ನಾನದ ಕೋಣೆಗಳಿರುವ ವ್ಯಾನುಗಳನ್ನು ಬಾಡಿಗೆಗೆ ಬಿಟ್ಟಿತು. ಅವು ಹೋಗಿ ನಿಲ್ಲುವುದು ಹಂಪಿ, ಕಬಿನಿಯಂಥ ಹೆಸರಾದ ಕಡೆ. ಸ್ವಂತ ಗಾಡಿಯನ್ನೇ ಮನೆ ಮಾಡಿಕೊಳ್ಳಲು ಹೊರಟವರಿಗೆ ಕಾನೂನಿನ ತೊಡಕೂ ಇದೆ. ತಯಾರಕರು ಕೊಟ್ಟ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪಿತ್ತಿತು. ಗ್ಯಾರೇಜಿನಲ್ಲಿ ಟೆಂಪೊ ಟ್ರಾವೆಲರ್‌ಗೆ ಮಂಚ ಕೂರಿಸಿ ಮಾರುವವರು ಆರ್‌ಸಿ ಪುಸ್ತಕದ ವಿಚಾರ ಬಂದಾಗ ತಡವರಿಸುವುದು ಇದರಿಂದ. ಹೀಗಾಗಿ ದೊಡ್ಡ ಮನೆ-ಗಾಡಿ ಈ ಸೀಮೆಯಲ್ಲಿ ಇನ್ನೂ ಅಪರೂಪ. ಕಾರು, ಬೈಕಿನಲ್ಲಿ ಗುಡಾರ ತರುವವರೇ ಹೆಚ್ಚು.

ಇನ್ನು ಈ ನೆಲದ ಕಡೆಗೆ ತಿರುಗಬೇಕು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಗುಬ್ಬಿಗೂ ಬಂದಿದ್ದ. ಊರು ಚಿಕ್ಕದಾದರೂ ವಾರದ ಸಂತೆ ದೊಡ್ಡದು ಎಂದು ಬರೆದುಕೊಂಡ. ಮಲೆನಾಡಿನ ನಗರ ಸೀಮೆಯ ಅಡಿಕೆ ಪೂರ್ವದ ವಾಲಾಜಾಪೇಟೆಗೆ ಹೋಗುವ ಹಾದಿಯಲ್ಲಿ ಗುಬ್ಬಿ ನಡುದಾರಿಯ ಕಟ್ಟೆಯಾಗಿತ್ತು. ಆ ಅಡಿಕೆ ಬರುತ್ತಿದ್ದುದು ಹೇರೆತ್ತುಗಳ ಬೆನ್ನ ಮೇಲೆ. ನೂರಾರು ಎತ್ತುಗಳು ಒಟ್ಟಿಗೆ ನಡೆಯುವಾಗ ಪ್ರತಿ ಸಂಜೆ ಹೇರು ಇಳಿಸಬೇಕು, ಎತ್ತಿಗೆ ನೀರು ಕುಡಿಸಿ ಮೇಯಿಸಬೇಕು, ಕಳ್ಳರ ಕಾವಲಿರಬೇಕು. ಅದಕ್ಕೆ ತಕ್ಕ ಏರ್ಪಾಡು ದಾರಿಯುದ್ದಕ್ಕೂ ಬೆಳೆದಿತ್ತು: ಕೆರೆಯ ಅಂಚಿನ ಬಯಲು, ದನಗಳಿಗೆ ಕಲ್ಲಿನ ನೀರುತೊಟ್ಟಿ, ತಲೆಹೊರೆಯವರು ಯಾರ ನೆರವೂ ಇಲ್ಲದೆ ಹೊರೆ ಇಳಿಸಲು ಎದೆಮಟ್ಟದ ಕಲ್ಲು, ಬೇಸಿಗೆಯಲ್ಲಿ ಮಜ್ಜಿಗೆ ನೀರು ಕೊಡುವ ಅರವಟ್ಟಿಗೆ. ಇವೆಲ್ಲಕ್ಕಿಂತ ಮುಖ್ಯವಾದುದು ಗುಂಡುತೋಪು.

ಗುಂಡುತೋಪು ಊರ ಹೊರಗಿನ ಸಾರ್ವಜನಿಕ ಮರಗಳ ತೋಪು. ಮಾವು, ಹುಣಸೆ, ಹೊಂಗೆ, ಬೇವು, ನೇರಳೆ ಅಲ್ಲಿನ ಮರಗಳು. ಹಣ್ಣನ್ನು ಹರಾಜು ಹಾಕಿದರೆ ಊರಿಗೆ ಒಂದಿಷ್ಟು ಆದಾಯ. ಉಳಿದ ದಿನ ಅದು ದಾರಿಹೋಕರದು. ಗಾಡಿ ಬಿಚ್ಚಿ, ನೊಗ ಇಳಿಸಿ, ಮೂರು ಕಲ್ಲು ಹೂಡಿ ಅನ್ನ ಬೇಯಿಸಿಕೊಂಡು ಮಲಗಲು ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಕಂದಾಯ ದಾಖಲೆಗಳಲ್ಲಿ ಇಂದಿಗೂ ಇದು ಸಾರ್ವಜನಿಕ ಬಳಕೆಗೆ ಮೀಸಲಾದ ‘ಬಿ’ ಖರಾಬು ಎಂದೇ ನಮೂದಾಗುತ್ತದೆ. ಅಂದರೆ ಹಳೆ ಮೈಸೂರಿನ ಹಳ್ಳಿಹಳ್ಳಿಯಲ್ಲೂ ಒಂದು ತಂಗುದಾಣಕ್ಕೆ ಜಾಗ ಗುರುತಾಗಿದೆ, ಸರ್ವೆ ನಂಬರೂ ಇದೆ. ಹೊಸ ಪಾರ್ಕುಗಳ ಮಾತಾಡುವವರು ಈ ಸಂಗತಿಯನ್ನು ಏಕೆ ಗಮನಿಸುತ್ತಿಲ್ಲವೋ ತಿಳಿಯದು.

ಬಯಲಲ್ಲಿ ಮಲಗಲಾರದವರಿಗೆ ಛತ್ರಗಳಿದ್ದವು. ಈ ವಿಷಯದಲ್ಲಿ ಗುಬ್ಬಿ ಇಡೀ ರಾಜ್ಯಕ್ಕೆ ಉಪಕಾರ ಮಾಡಿದ ಊರು. ಬೆಂಗಳೂರಿನ ರೈಲು ನಿಲ್ದಾಣದ ಎದುರಿನ ಧರ್ಮಛತ್ರವನ್ನು ಕಟ್ಟಿಸಿದ ವ್ಯಾಪಾರಿ ಗುಬ್ಬಿ ತೋಟದಪ್ಪನವರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. ರೈಲು ಇಳಿದು ದಿಕ್ಕು ತೋಚದೆ ನಿಂತ ಹಳ್ಳಿಯವರಿಗೆ, ಕೋರ್ಟು ಆಸ್ಪತ್ರೆಗಳಿಗೆ ಬಂದವರಿಗೆ, ಓದಲು ಬಂದ ಬಡ ಹುಡುಗರಿಗೆ ಮೆಜೆಸ್ಟಿಕ್‌ನಲ್ಲಿ ತಲೆ ಮೇಲೊಂದು ಸೂರು ಸಿಕ್ಕಿತು. ದೊಡ್ಡ ನಗರಕ್ಕೆ ಬರುವವನ ಮೊದಲ ರಾತ್ರಿ ಎಂಥದೆಂಬುದು ಸಂತೆ ಊರಿನ ವ್ಯಾಪಾರಿಗೆ ತಿಳಿದಿತ್ತು. ಛತ್ರವನ್ನು ಪೇಟೆಯ ಒಳಗೆಲ್ಲೋ ಕಟ್ಟಿಸದೆ ನಿಲ್ದಾಣದ ಬಾಗಿಲಲ್ಲೇ ಕಟ್ಟಿಸಿದ್ದರಲ್ಲಿ ಆ ತಿಳಿವಳಿಕೆ ಕಾಣುತ್ತದೆ.

ಈ ಸೀಮೆಯ ದೊಡ್ಡ ಬಿಡಾರ ಈಗಲೂ ಬೀಳುವುದು ಕ್ಯಾತ್ಸಂದ್ರದ ಬಳಿ, ಸಿದ್ಧಗಂಗೆಯ ಜಾತ್ರೆಯಲ್ಲಿ. ಮಹಾಶಿವರಾತ್ರಿಯ ಆಸುಪಾಸಿಗೆ ಮಠದ ಸುತ್ತಲ ಬಯಲು ರಾಸುಗಳಿಂದ ತುಂಬುತ್ತದೆ. ಬಂದವುಗಳಲ್ಲಿ ಹಳ್ಳಿಕಾರ್ ತಳಿಯದೇ ಮೇಲುಗೈ. ಉಳುವ ಜೋಡಿ, ಹಾಲುಹಲ್ಲಿನ ಹೋರಿ, ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ ಎತ್ತು ಹೀಗೆ ಬೆಲೆ ಕಟ್ಟುವ ಲೆಕ್ಕವೇ ಬೇರೆ. ವ್ಯಾಪಾರ ನಡೆಯುವುದು ಟವಲಿನ ಮರೆಯಲ್ಲಿ, ಬೆರಳು ಹಿಡಿದು. ಪಕ್ಕದವನಿಗೆ ಮೊತ್ತ ತಿಳಿಯದು. ಹೆಸರಾದ ಜೋಡಿಗಳ ಒಡೆಯರು ತಮ್ಮ ಎತ್ತಿಗೆಂದೇ ಪೆಂಡಾಲ್ ಹಾಕಿಸಿ, ಸೀರಿಯಲ್ ಲೈಟು ಬಿಟ್ಟು, ಫ್ಲೆಕ್ಸ್ ಕಟ್ಟಿ ನಿಲ್ಲಿಸುತ್ತಾರೆ. ಉಳಿದವರದು ಸರಳ ಏರ್ಪಾಡು. ಟೆಂಪೊದಲ್ಲಿ ತಂದ ಹುಲ್ಲಿನ ಹೊರೆಗಳನ್ನೇ ಗೋಡೆಯಂತೆ ಒಟ್ಟಿ, ಮೇಲೊಂದು ಟಾರ್ಪಾಲು ಎಳೆದರೆ ಮನೆ ಆಯಿತು. ಒಂದು ಬದಿಗೆ ಬೂಸ, ಹಿಂಡಿಯ ಚೀಲ. ಇನ್ನೊಂದು ಬದಿಗೆ ಮುದ್ದೆ ಬೇಯಿಸುವ ಒಲೆ. ಮೂರು ನಾಲ್ಕು ದಿನ, ಕೆಲವರಿಗೆ ವಾರವೇ, ಅಲ್ಲೇ ವಾಸ.

ಇಷ್ಟು ಜನ, ಇಷ್ಟು ದನ ಒಂದೆಡೆ ನೆರೆದಾಗ ಏನೇನು ಬೇಕಾಗುತ್ತದೆ ಎಂಬುದಕ್ಕೆ ಸಿದ್ಧಗಂಗೆ ಒಳ್ಳೆಯ ಪಾಠ. ಟ್ಯಾಂಕರ್ ನೀರು, ತೊಟ್ಟಿ, ಬೀದಿದೀಪ, ಪಶುವೈದ್ಯರ ಶಿಬಿರ, ಪೊಲೀಸು, ಹುಲ್ಲು ಮಾರುವವರು, ಹಗ್ಗ, ಗಂಟೆ, ಮೂಗುದಾರದ ಅಂಗಡಿಗಳು. ಊಟಕ್ಕೆ ಮಠದ ದಾಸೋಹ. 2019ರ ಜನವರಿಯಲ್ಲಿ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ದಶಕಗಳ ಕಾಲ ಬೆಳೆಸಿದ ಈ ಅನ್ನದ ವ್ಯವಸ್ಥೆ ಜಾತ್ರೆಯಲ್ಲೂ ನಿಲ್ಲುವುದಿಲ್ಲ. ರೈತರಿಗೆ ನೆಲ ಬಾಡಿಗೆಯಿಲ್ಲದೆ, ಊಟ ಹಣವಿಲ್ಲದೆ ಸಿಗುವುದರಿಂದಲೇ ಒಂದು ಜೊತೆ ಎತ್ತಿನ ಬಡ ರೈತನೂ ಇಲ್ಲಿ ನಿಲ್ಲಬಲ್ಲ. ಟ್ರ್ಯಾಕ್ಟರು ಬಂದು ಎತ್ತು ಕಟ್ಟುವವರು ಕಡಿಮೆಯಾದರು, 2022-23ರಲ್ಲಿ ಚರ್ಮಗಂಟು ರೋಗದ ಭಯದಿಂದ ರಾಜ್ಯದ ಹಲವೆಡೆ ದನದ ಜಾತ್ರೆಗಳಿಗೆ ತಡೆ ಬಿತ್ತು. ಇಷ್ಟೆಲ್ಲ ಆದ ಮೇಲೂ ಜಾತ್ರೆ ಉಳಿದಿದೆ. ಜಾತ್ರೆ ಮುಗಿದ ಮೇಲೆ ವರ್ಷದ ಉಳಿದ ದಿನಗಳಲ್ಲಿ ಇಂಥ ಬಯಲುಗಳು ಬರಿದೇ ಬಿದ್ದಿರುತ್ತವೆ ಎಂಬುದನ್ನೂ ಇಲ್ಲಿಯೇ ಹೇಳಬೇಕು.

ಬಿಡಾರದ ಬದುಕನ್ನು ಕಲೆಯಾಗಿಸಿದವರೂ ಗುಬ್ಬಿಯವರೇ. 1884ರಲ್ಲಿ ಅಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವನ್ನು ಗುಬ್ಬಿ ವೀರಣ್ಣನವರು ದಕ್ಷಿಣ ಭಾರತದ ದೊಡ್ಡ ಕಂಪನಿಯಾಗಿ ಬೆಳೆಸಿದರು. ಕಂಪನಿ ಒಂದು ಊರಿನಲ್ಲಿ ಕ್ಯಾಂಪ್ ಮಾಡಿತೆಂದರೆ ಬಿದಿರು, ತಗಡಿನ ರಂಗಮಂದಿರ ಏಳಬೇಕು, ಪರದೆ, ಸೀನರಿ, ದೀಪದ ಯಂತ್ರ ಇಳಿಯಬೇಕು, ನಟ ನಟಿಯರ ಸಂಸಾರಗಳಿಗೆ ವಸತಿ ಹುಡುಕಬೇಕು, ನೂರಾರು ಜನರಿಗೆ ಒಂದೇ ಅಡುಗೆಮನೆ ನಡೆಯಬೇಕು. ‘ಕುರುಕ್ಷೇತ್ರ’ ನಾಟಕಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದವರಿಗೆ ಅವುಗಳ ಮೇವು ನೀರಿನ ಚಿಂತೆಯೂ ಇತ್ತು. ತಿಂಗಳುಗಟ್ಟಲೆ ಊರ ಮೈದಾನದಲ್ಲಿ ನೆಲೆಸಿ, ಸಾಮಾನು ಕಟ್ಟಿ ರೈಲು ಹತ್ತುವ ಈ ಶಿಸ್ತು ಕನ್ನಡ ವೃತ್ತಿರಂಗಭೂಮಿಯನ್ನು ದಶಕಗಳ ಕಾಲ ನಡೆಸಿತು. ಊರಿನ ಮೈದಾನಗಳನ್ನು ಕಾಂಪ್ಲೆಕ್ಸ್ ಕಟ್ಟಡಗಳು ನುಂಗಿದಾಗ ಕಂಪನಿಗಳಿಗೆ ಬಿದ್ದ ಪೆಟ್ಟು ಸಿನಿಮಾ ಕೊಟ್ಟ ಪೆಟ್ಟಿಗಿಂತ ಸಣ್ಣದೇನಲ್ಲ.

ಈಗ ದಿನವೂ ಗಾಡಿಯಲ್ಲೇ ಮಲಗುವವರ ವಿಷಯ. ತುಮಕೂರಿನ ಉತ್ತರಕ್ಕೆ ಹೆದ್ದಾರಿ 48ರ ಬದಿಯ ವಸಂತನರಸಾಪುರ ಕೈಗಾರಿಕಾ ಪ್ರದೇಶಕ್ಕೆ ಸರಕು ತರುವ, ಒಯ್ಯುವ ಲಾರಿಗಳು ರಾತ್ರಿ ಸಾಲಾಗಿ ನಿಲ್ಲುತ್ತವೆ. ಗೇಟು ತೆರೆಯುವವರೆಗೆ, ಲೋಡು ಸಿಗುವವರೆಗೆ ಚಾಲಕ ಕ್ಯಾಬಿನ್ನಿನ ಹಲಗೆಯ ಮೇಲೆ ಮಲಗಬೇಕು. ಕ್ಲೀನರ್ ಇದ್ದರೆ ಅವನು ಲಾರಿಯ ಅಡಿಯಲ್ಲಿ. ಹೊಸ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಇರಲೇಬೇಕೆಂಬ ನಿಯಮ 2025ರ ಅಕ್ಟೋಬರ್‌ನಿಂದ ಜಾರಿಗೆ ಬಂದಿದೆ. ತೈಲ ಕಂಪನಿಗಳು ‘ಅಪ್ನಾ ಘರ್’ ಹೆಸರಿನಲ್ಲಿ ಕೆಲವು ಬಂಕ್‌ಗಳಲ್ಲಿ ಚಾಲಕರಿಗೆ ಮಲಗುವ ಕೋಣೆ, ಸ್ನಾನದ ಮನೆ ಕಟ್ಟಿವೆ. ಎರಡೂ ಒಳ್ಳೆಯ ಹೆಜ್ಜೆಗಳು. ಆದರೆ ಹಳೆಯ ಲಾರಿಗಳು ಇನ್ನೂ ವರ್ಷಾನುಗಟ್ಟಲೆ ಓಡುತ್ತವೆ. ಬೆಳಗಿನ ಜಾವ ಬಯಲಿಗೆ ಹೋಗಿ, ಢಾಬಾದ ತೊಟ್ಟಿಯಲ್ಲಿ ಮೈ ತೊಳೆದು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಸ್ಟಿಯರಿಂಗ್ ಹಿಡಿಯುವವರೇ ಹೆಚ್ಚು.

ಬೋರ್‌ವೆಲ್ ಲಾರಿಗಳ ಕಥೆ ಇನ್ನೂ ಕಷ್ಟದ್ದು. ತಮಿಳುನಾಡಿನ ತಿರುಚೆಂಗೋಡಿನ ಕಡೆಯ ರಿಗ್ ಲಾರಿಗಳು ಈ ಜಿಲ್ಲೆಯ ತೆಂಗಿನ ತೋಟಗಳಿಗೆ ಬರುವುದು ಎಲ್ಲರೂ ಕಂಡದ್ದೇ. ಒಂದು ರಿಗ್, ಜೊತೆಗೆ ಪೈಪು, ಕಂಪ್ರೆಸರ್ ಹೊತ್ತ ಇನ್ನೊಂದು ಲಾರಿ. ಪಾಯಿಂಟು ಸಿಕ್ಕ ಕಡೆಗೆ ಹೋಗಿ, ಹಗಲು ರಾತ್ರಿ ಕೊರೆದು, ಮುಂದಿನ ಪಾಯಿಂಟಿಗೆ ಹೊರಡುವ ಕೂಲಿಗಳಲ್ಲಿ ಹಲವರು ಒಡಿಶಾ, ಛತ್ತೀಸಗಢ, ಬಿಹಾರದವರು. ತಿಂಗಳುಗಟ್ಟಲೆ ಆ ಲಾರಿಯೇ ಅವರ ಮನೆ. ಪೈಪುಗಳ ಮಧ್ಯೆ ಅಡುಗೆ ಸಾಮಾನು, ಟಾರ್ಪಾಲಿನ ಕೆಳಗೆ ಹಾಸಿಗೆ, ಮೈತುಂಬ ಕಲ್ಲಿನ ಪುಡಿ. ಸಾವಿರ ಅಡಿ ಮೀರಿ ಕೊರೆದರೂ ನೀರು ಕಾಣದ ಊರುಗಳಲ್ಲಿ ಇವರಿಗೆ ಮೈ ತೊಳೆಯಲು ಎರಡು ಬಕೆಟ್ ನೀರು ಸಿಗುವುದೂ ತೋಟದ ಯಜಮಾನರ ಮನಸ್ಸಿನ ಮೇಲೆ ನಿಂತಿದೆ. ಗಾಡಿಯಲ್ಲೇ ಬದುಕುವವರಿಗಾಗಿ ತುಮಕೂರು ಜಿಲ್ಲೆಯಲ್ಲಿ ಯಾರಾದರೂ ಒಂದು ತಾಣ ಕಟ್ಟುವುದಾದರೆ ಮೊದಲ ಹಕ್ಕು ಇವರದು.

ಅತಿಥಿಗೂ ಆತಿಥೇಯನಿಗೂ ಇಬ್ಬರಿಗೂ ಲಾಭ ತರುವ ಬಿಡಾರವೊಂದು ಇಲ್ಲಿ ಉಳಿದಿದೆ. ಅದು ಕುರಿ ಮಂದೆಯದು. ಕೊಯ್ಲು ಮುಗಿದ ಮೇಲೆ ಶಿರಾ, ಪಾವಗಡ, ಚಿತ್ರದುರ್ಗದ ಕಡೆಯ ಕುರಿಗಾರರು ನೀರು ಹಸಿರಿರುವ ದಿಕ್ಕಿಗೆ ಹೊರಡುತ್ತಾರೆ. ರೈತ ತನ್ನ ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಾನೆ. ರಾತ್ರಿ ಕುರಿಗಳು ಬಲೆಯೊಳಗೆ ಮಲಗಿ ನೆಲಕ್ಕೆ ಗೊಬ್ಬರ ಬೀಳುತ್ತದೆ. ಇದಕ್ಕೆ ರೈತನೇ ಕುರಿಗಾರನಿಗೆ ಹಣ ಅಥವಾ ಕಾಳು ಕೊಡುತ್ತಾನೆ. ತಂಗಲು ಬಂದವನು ಬಾಡಿಗೆ ಕೊಡದೆ ತಾನೇ ಪಡೆಯುವ ಈ ಲೆಕ್ಕ ಪಾರ್ಕುಗಳ ಯಾವ ಯೋಜನಾ ವರದಿಯಲ್ಲೂ ಇರಲಾರದು.

ಹೆದ್ದಾರಿ 75ರಲ್ಲಿ ಕಾಣುವ ಬಿಡಾರ ಕಾಲ್ನಡಿಗೆಯದು. ಶಿವರಾತ್ರಿಗೆ ಕೆಲವು ದಿನ ಮುಂಚೆ ಬೆಂಗಳೂರಿನ ಕಡೆಯಿಂದ ಧರ್ಮಸ್ಥಳಕ್ಕೆ ಸಾವಿರಾರು ಜನ ನಡೆದು ಹೋಗುತ್ತಾರೆ. ಸುಮಾರು 300 ಕಿ.ಮೀ. ದಾರಿ, ಕುಣಿಗಲ್, ಯಡಿಯೂರು ಮೊದಲ ದಿನಗಳ ತಂಗುಗಳು. ಬಿಸಿಲೇರುವ ಮೊದಲು ನಡೆದು, ಮಧ್ಯಾಹ್ನ ಮರದಡಿ ಒರಗಿ, ಸಂಜೆ ಮತ್ತೆ ಹೆಜ್ಜೆ ಹಾಕುವ ಅವರಿಗೆ ದಾರಿಯ ಊರಿನವರು ಪಾನಕ, ಮಜ್ಜಿಗೆ, ಉಪ್ಪಿಟ್ಟು ಕೊಡುತ್ತಾರೆ. ಶಾಲೆಯ ಜಗಲಿ, ಕಲ್ಯಾಣಮಂಟಪ, ದೇವಸ್ಥಾನದ ಅಂಗಳ ರಾತ್ರಿಗೆ ತೆರೆದುಕೊಳ್ಳುತ್ತವೆ. ಯಡಿಯೂರಿಗೆ ಬರುವವರನ್ನು ಉಣಬಡಿಸಿ ಕಳಿಸುವ ರೂಢಿ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಯಿರುವ ಕ್ಷೇತ್ರಕ್ಕೆ ಸಹಜವಾದದ್ದು. ಆದರೆ ನಡೆಯುವವರಲ್ಲಿ ಹೆಂಗಸರ ಸಂಖ್ಯೆ ಹೆಚ್ಚುತ್ತಿರುವಾಗ ಶೌಚಾಲಯದ ಕೊರತೆ ಸಣ್ಣ ಮಾತಲ್ಲ. ಕತ್ತಲಾಗುವವರೆಗೆ ಕಾಯಬೇಕಾದ ಸಂಕಟ, ಅದಕ್ಕಾಗಿ ನೀರನ್ನೇ ಕಡಿಮೆ ಕುಡಿದು ಬಿಸಿಲಲ್ಲಿ ನಡೆಯುವ ಅಪಾಯ ಯಾವ ಭಕ್ತಿಯಿಂದಲೂ ಪರಿಹಾರವಾಗದು.

ಉತ್ತರ ಕರ್ನಾಟಕದಿಂದ ಬರುವ ಪ್ರವಾಸದ ಬಸ್ಸುಗಳನ್ನೂ ಈ ಸಾಲಿಗೆ ಸೇರಿಸಬೇಕು. ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಗ್ಯಾಸ್ ಸಿಲಿಂಡರು, ದೊಡ್ಡ ಪಾತ್ರೆಗಳನ್ನು ಬಸ್ಸಿನಲ್ಲೇ ತಂದು, ನೀರು ಕಂಡ ಕಡೆ ನಿಲ್ಲಿಸಿ ಐವತ್ತು ಜನಕ್ಕೆ ಅಡುಗೆ ಮಾಡಿ ಬಡಿಸುವ ಇವರು ಹೋಟೆಲಿಗೂ ಹೋಗುವುದಿಲ್ಲ, ಲಾಡ್ಜಿಗೂ ಹೋಗುವುದಿಲ್ಲ. ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯ, ಯಡಿಯೂರು, ಸಿದ್ಧಗಂಗೆ, ದೇವರಾಯನದುರ್ಗ ಇಂಥ ಬಸ್ಸುಗಳಿಗೆ ಹೇಳಿ ಮಾಡಿಸಿದ ತಾಣಗಳು. ಅವರು ಬಿಟ್ಟು ಹೋಗುವ ಎಲೆ, ಪ್ಲಾಸ್ಟಿಕ್ ಲೋಟಗಳ ರಾಶಿಯನ್ನು ಕಂಡು ಊರಿನವರು ಸಿಟ್ಟಾಗುವುದು ಸರಿಯೇ. ತಪ್ಪಿನಲ್ಲಿ ಅರ್ಧ ಪಾಲು ಕಸದ ತೊಟ್ಟಿಯನ್ನೂ ಇಡದವರದು.

ವಾರಾಂತ್ಯದ ಗುಡಾರದವರು ಹುಡುಕುವುದು ಬೆಟ್ಟಗಳನ್ನು. ದೇವರಾಯನದುರ್ಗ, ಹುಲಿಯೂರುದುರ್ಗ, ಮಾಗಡಿ ಗಡಿಯ ಹುತ್ರಿದುರ್ಗ ಇವರಿಗೆ ಗೊತ್ತಿರುವ ಹೆಸರುಗಳು. ತುದಿಯಲ್ಲಿ ಸೂರ್ಯೋದಯ ನೋಡುವ ಆಸೆಯೇನೋ ಚೆಂದ, ಆದರೆ ಇಲ್ಲಿ ಮೂರು ಸಂಗತಿ ಅಡ್ಡ ನಿಲ್ಲುತ್ತವೆ. ಕಾಯ್ದಿಟ್ಟ ಅರಣ್ಯದೊಳಗೆ ಅಪ್ಪಣೆಯಿಲ್ಲದೆ ರಾತ್ರಿ ತಂಗುವುದು ಅಪರಾಧ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನ ನುಗ್ಗಿದ ಮೇಲೆ ಸರ್ಕಾರ ಚಾರಣದ ನಿಯಮ ಬಿಗಿಗೊಳಿಸಿ, ಆ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಎಂಬ ಆನ್‌ಲೈನ್ ಟಿಕೆಟ್ ವ್ಯವಸ್ಥೆ ತಂದಿತು. ಎರಡನೆಯದು ಬೆಂಕಿ. ಫೆಬ್ರವರಿ, ಮಾರ್ಚ್‌ನಲ್ಲಿ ಬಾದೆ ಹುಲ್ಲು ಒಣಗಿ ನಿಂತಿರುವಾಗ ಒಂದು ಕ್ಯಾಂಪ್‌ಫೈರ್‌ನ ಕಿಡಿ ಬೆಟ್ಟವನ್ನೇ ಸುಡಬಲ್ಲದು. ಮೂರನೆಯದು ಚಿರತೆ. 2019ರ ಕೊನೆ, 2020ರ ಆರಂಭದ ತಿಂಗಳುಗಳಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಮಕ್ಕಳೂ ಸೇರಿ ಕೆಲವರು ಪ್ರಾಣ ಕಳೆದುಕೊಂಡರು. ಸಂಜೆಯಾದರೆ ಅಂಗಳಕ್ಕೆ ಮಕ್ಕಳನ್ನು ಬಿಡಲು ಹೆದರುತ್ತಿದ್ದ ಆ ದಿನಗಳನ್ನು ಊರವರು ಮರೆತಿಲ್ಲ. ಬಟ್ಟೆಯ ಗುಡಾರದಲ್ಲಿ ಮಕ್ಕಳೊಂದಿಗೆ ಬಂಡೆಯ ಮೇಲೆ ಮಲಗುವ ಸಾಹಸವನ್ನು ಅವರು ಮೆಚ್ಚುವುದಿಲ್ಲ.

ಹಾಗಾದರೆ ತೋಟಗಳು? ತೆಂಗಿನ ತೋಟದಲ್ಲಿ ಗುಡಾರ ಹಾಕಿ ಎಂದು ಕರೆಯುವವರು ಹೆಚ್ಚುತ್ತಿದ್ದಾರೆ. ನೆರಳು, ಎಳನೀರು, ಬಾವಿಯ ನೀರು ಎಲ್ಲ ಸರಿ. ಆದರೆ ತೆಂಗಿನ ಮರದ ಬುಡ ಮಲಗುವ ಜಾಗವಲ್ಲ. ಒಣ ಗರಿ, ಕಾಯಿ ಯಾವಾಗ ಉದುರುತ್ತವೋ ಹೇಳಲಾಗದು; ಕಣದ ಅಂಚು, ಬದುವಿನ ಬಯಲು ವಾಸಿ. ಜೊತೆಗೆ, ಸಾಗುವಳಿ ಜಮೀನನ್ನು ವ್ಯಾಪಾರಕ್ಕೆ ಬಳಸಲು 1964ರ ಭೂಕಂದಾಯ ಕಾಯ್ದೆಯಡಿ ಭೂ ಪರಿವರ್ತನೆ ಬೇಕು. ವರ್ಷಕ್ಕೆ ಹತ್ತಾರು ವಾರಾಂತ್ಯ ನಾಲ್ಕು ಗುಡಾರ ಹಾಕಿಸುವ ಸಣ್ಣ ರೈತನಿಗೆ ಅದರ ಅಲೆದಾಟ ಭಾರ. ನೀರಿನ ವಿಷಯವಂತೂ ಇಲ್ಲಿ ಸೂಕ್ಷ್ಮ. ಕುಣಿಗಲ್ ಕಡೆಗೆ ಹೇಮಾವತಿ ನೀರು ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿರುದ್ಧ ಗುಬ್ಬಿ, ತುಮಕೂರಿನ ರೈತರು ಬೀದಿಗಿಳಿದ ಸೀಮೆಯಲ್ಲಿ, ಬೇಸಿಗೆಯಲ್ಲಿ ಪ್ರವಾಸಿಗಳ ಸ್ನಾನಕ್ಕೆ ಬೋರ್‌ವೆಲ್ ಹರಿಸುವುದನ್ನು ನೆರೆಯವರು ಸಹಿಸಬೇಕೆಂದು ಬಯಸುವುದು ನ್ಯಾಯವಲ್ಲ. ಗುಡಾರದ ಹಂಗಾಮು ನವೆಂಬರ್‌ನಿಂದ ಫೆಬ್ರವರಿವರೆಗೆ ಎಂದಿಟ್ಟುಕೊಳ್ಳುವುದೇ ಸರಿ.

ಹೀಗೆ ಸುತ್ತಿ ಬಂದರೆ ಪ್ರಶ್ನೆ ನೆಲದ್ದೇ ಆಗುತ್ತದೆ. ಈ ಸೀಮೆಯ ಸಾರ್ವಜನಿಕ ಬಯಲುಗಳು ಒಂದೊಂದಾಗಿ ಬೇರೆ ಬಳಕೆಗೆ ಹೋಗುತ್ತಿವೆ. ಅರಸರ ಕಾಲದಲ್ಲಿ ಅಮೃತಮಹಲ್ ದನಗಳು ಬೇಸಿಗೆ, ಮಳೆ, ಚಳಿಗಾಲಕ್ಕೆ ಬೇರೆ ಬೇರೆ ಕಾವಲುಗಳಿಗೆ ಸಾಗುತ್ತಿದ್ದವು. ಕಾವಲೆಂದರೆ ಅವುಗಳ ಬಿಡಾರ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ 2016ರಲ್ಲಿ ಶಂಕುಸ್ಥಾಪನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಉದ್ಯೋಗ ಬೇಕು, ಕಾರ್ಖಾನೆಯೂ ಬೇಕು. ಆದರೂ ಹೋದ ಬಯಲು ಮರಳಿ ಬರುವುದಿಲ್ಲ. ಹೈದರ್, ಟಿಪ್ಪು ಕಾಲದಿಂದ ಸೈನ್ಯದ ಕುದುರೆಗಳನ್ನು ಸಾಕಿದ ಕುಣಿಗಲ್ ಸ್ಟಡ್ ಫಾರಂನ ನಾನೂರು ಎಕರೆಗೂ ಮೀರಿದ ಹಸಿರನ್ನು ಟೌನ್‌ಶಿಪ್ ಮಾಡುವ ಪ್ರಸ್ತಾಪ 2024ರಲ್ಲಿ ಬಂದಾಗ ವಿರೋಧ ಎದ್ದದ್ದು ಇದೇ ಆತಂಕದಿಂದ. ಪಟ್ಟಣದ ನಡುವಿನ ಅಷ್ಟು ಹಳೆಯ ಮರಗಳನ್ನು ಕಳೆದುಕೊಂಡರೆ ಕುಣಿಗಲ್ಲಿಗೆ ಅದು ತುಂಬಲಾರದ ನಷ್ಟ.

ಮರದ ಮಾತು ಬಂದಾಗ ಸಾಲುಮರದ ತಿಮ್ಮಕ್ಕನವರನ್ನು ನೆನೆಯದೆ ಇರಲಾಗದು. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ, ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಸೊಸೆಯಾಗಿ ಬಂದ ಅವರು ಗಂಡನೊಂದಿಗೆ ಹುಲಿಕಲ್-ಕುದೂರು ರಸ್ತೆಯಲ್ಲಿ ಆಲದ ಗಿಡ ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದರು. 385 ಎಂದು ಎಣಿಕೆಯಾದ ಆ ಮರಗಳ ನೆರಳು ಕುಣಿಗಲ್ ಸೀಮೆಯ ಅಂಚಿನಲ್ಲೇ ಇದೆ. 2019ರಲ್ಲಿ ಪದ್ಮಶ್ರೀ ಬಂದ ವರ್ಷವೇ ರಸ್ತೆ ಅಗಲೀಕರಣಕ್ಕೆ ಆ ಮರಗಳು ಬಲಿಯಾಗುವ ಭೀತಿ ಹುಟ್ಟಿ, ಅವರೇ ಸರ್ಕಾರದ ಮೊರೆ ಹೋಗಬೇಕಾಯಿತು. ದಾರಿಹೋಕನ ನೆರಳಿಗೆ ಒಂದು ಜೀವಮಾನ ಬೇಕು. ಅದನ್ನು ಉರುಳಿಸಲು ಯಂತ್ರಕ್ಕೆ ಒಂದು ಬೆಳಗು ಸಾಕು.

ಆದ್ದರಿಂದ ಹೊಸ ಪಾರ್ಕಿಗೆ ಎಕರೆಗಟ್ಟಲೆ ಭೂಮಿ ಹುಡುಕುವ ಮೊದಲು ಮೂರೂ ತಾಲ್ಲೂಕುಗಳ ಗುಂಡುತೋಪುಗಳನ್ನು ಅಳತೆ ಮಾಡಿಸಿ, ಒತ್ತುವರಿ ಬಿಡಿಸಿ, ಹೆದ್ದಾರಿಗೆ ಹತ್ತಿರವಿರುವ ನಾಲ್ಕೈದನ್ನು ಆರಿಸಿಕೊಳ್ಳುವುದು ಮೇಲು. ಕ್ಯಾತ್ಸಂದ್ರದ ಆಸುಪಾಸಿನಲ್ಲಿ ಒಂದು, ಗುಬ್ಬಿ-ನಿಟ್ಟೂರು ನಡುವೆ ಒಂದು, ಕುಣಿಗಲ್ಲಿಗೂ ಯಡಿಯೂರಿಗೂ ಮಧ್ಯೆ ಒಂದು ಇದ್ದರೆ ಆರಂಭಕ್ಕೆ ಸಾಕು. ಕಾಂಕ್ರೀಟ್ ಕಮಾನು, ಕಾರಂಜಿ, ಸೆಲ್ಫಿ ಕಟ್ಟೆ ಬೇಡ. ಇರುವ ಮರ ಉಳಿಸಿ, ಸತ್ತ ಕಡೆ ಹೊಂಗೆ, ನೇರಳೆ ನೆಟ್ಟು, ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಶೌಚಾಲಯ, ಬಚ್ಚಲು, ಕುಡಿಯುವ ನೀರಿನ ಘಟಕ, ದನಕ್ಕೆ ತೊಟ್ಟಿ, ಅಡುಗೆಗೆ ಚಪ್ಪಡಿ ಹಾಸಿದ ಕಟ್ಟೆ, ಸೋಲಾರ್ ದೀಪ, ಮೊಬೈಲ್ ಚಾರ್ಜ್ ಮಾಡುವ ಪ್ಲಗ್ಗು ಮಾಡಿಸಿದರೆ ಆಯಿತು. ಒಂದು ಬದಿಯಲ್ಲಿ ಲಾರಿ, ಬಸ್ಸು ತಿರುಗುವಷ್ಟು ಜಲ್ಲಿ ಹಾಸಿದ ಜಾಗ, ಇನ್ನೊಂದು ಬದಿಯಲ್ಲಿ ಗುಡಾರಕ್ಕೆ ಮಣ್ಣಿನ ಜಗಲಿ. ಮನೆ-ಗಾಡಿಗಳು ಹೆಚ್ಚಿದಾಗ ಕೊಳಚೆ ಇಳಿಸುವ ಗುಂಡಿಯನ್ನೂ ಸೇರಿಸಬಹುದು.

ಇಂಥವು ಹಾಳಾಗುವುದು ಕಟ್ಟಿದ ಮೇಲೆ ನೋಡಿಕೊಳ್ಳುವವರಿಲ್ಲದೆ. ಬೀಗ ಬಿದ್ದ ಶೌಚಾಲಯಗಳು ಪ್ರತಿ ಹೋಬಳಿಯಲ್ಲೂ ಸಿಗುತ್ತವೆ. ಆದರೆ ಈಗ ಹಳ್ಳಿಗಳಲ್ಲಿ ಆಗಿರುವ ಒಂದು ಬದಲಾವಣೆ ಭರವಸೆ ತರುವಂಥದ್ದು. ರಾಜ್ಯದ ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘದ ಹೆಂಗಸರು ‘ಸ್ವಚ್ಛ ವಾಹಿನಿ’ ಗಾಡಿಯನ್ನು ತಾವೇ ಓಡಿಸಿ ಮನೆಮನೆಯ ಕಸ ಎತ್ತುತ್ತಿದ್ದಾರೆ. ತೋಪಿನ ಬೀಗದ ಕೈ ಇವರಿಗೆ ಕೊಟ್ಟು, ಗುಡಾರ, ಕಾರಿನವರಿಂದ ರಾತ್ರಿಗಿಷ್ಟು ಶುಲ್ಕ, ಬಸ್ಸಿನವರಿಂದ ಸ್ವಚ್ಛತೆಗೆ ಒಂದಿಷ್ಟು ಪಡೆದು, ಲಾರಿ ಚಾಲಕರಿಗೆ, ಕೂಲಿಗಳಿಗೆ, ಪಾದಯಾತ್ರಿಗಳಿಗೆ ನೆಲವನ್ನೂ ನೀರನ್ನೂ ಉಚಿತವಾಗಿಡುವ ಲೆಕ್ಕ ಕೂಡಿಸಲಾಗದ್ದೇನಲ್ಲ. ಬೆಳಿಗ್ಗೆ ರಾಗಿ ಅಂಬಲಿ, ಚಿತ್ರಾನ್ನ, ಎಳನೀರು ಮಾರುವ ಅವಕಾಶವೂ ಅವರದೇ ಆದರೆ ಸಂಬಳಕ್ಕೆ ಪಂಚಾಯಿತಿಯನ್ನೇ ಕಾಯಬೇಕಿಲ್ಲ. ಯಡಿಯೂರಿನ ಬಳಿಯ ತೋಪನ್ನು ಮೊದಲು ಹಿಡಿದು, ಮುಂದಿನ ಶಿವರಾತ್ರಿಯ ನಡಿಗೆಗೆ ಮುಂಚೆ ಹೆಂಗಸರ ಶೌಚಾಲಯ ಮತ್ತು ನೀರಿನ ನಲ್ಲಿ ಇಷ್ಟನ್ನಾದರೂ ಸಿದ್ಧಪಡಿಸಬಹುದು. ಅದಕ್ಕೆ ಬೇಕಿರುವುದು ತಾಲ್ಲೂಕು ಕಚೇರಿಯ ಒಂದು ಸರ್ವೆ ಆದೇಶ ಮತ್ತು ಪಂಚಾಯಿತಿಯ ಒಂದು ನಿರ್ಣಯ.